ಜೋರಾಗಿ ಎಣಿಸಬೇಡಿ ಮೇಡಂ

ಕೆಲಸಕ್ಕೆ ಹೋಗುತ್ತಲೇ ಬರೆಯುವವರು ಸೇರಿದ್ದ ಒಂದು ಸಣ್ಣ ಕೂಟದಲ್ಲಿ ನಾನು ಆಡಿದ ಮಾತಿನ ಬರಹ ರೂಪ ಇದು. ಅಲ್ಲಲ್ಲಿ ಒಂದೆರಡು ವಾಕ್ಯ ಸರಿ ಮಾಡಿದ್ದೇನೆ. ಉಳಿದದ್ದು ಆಡಿದ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ.

ನನ್ನ ಪರಿಚಯ ಮಾಡಿಕೊಡುವಾಗ "ಬ್ಯಾಂಕಿನ ಒಣ ಕೆಲಸದ ನಡುವೆಯೂ ಕತೆ ಬರೆದವರು" ಅಂದರು. ಪ್ರೀತಿಯಿಂದ ಹೇಳಿದ ಮಾತು. ಆದರೆ ಆ 'ನಡುವೆಯೂ' ಅನ್ನುವ ಪದದ ಬಗ್ಗೆ ನನಗೆ ತಕರಾರಿದೆ. ಒಂದು ಸಲ ಮೂರು ತಿಂಗಳು ಸಂಬಳವಿಲ್ಲದ ರಜೆ ಹಾಕಿ ಬರೆಯಲು ಕೂತಿದ್ದೆ. ಮನೆ ಖಾಲಿ, ಮೇಜು ಖಾಲಿ, ಬೆಳಗ್ಗೆಯಿಂದ ರಾತ್ರಿವರೆಗೆ ನನ್ನದೇ ಹೊತ್ತು. ಆದದ್ದು ಹನ್ನೊಂದು ಪುಟ. ಅದರಲ್ಲೂ ಎಲ್ಲರೂ ನನ್ನ ಹಾಗೇ ಮಾತಾಡುತ್ತಿದ್ದರು. ಮತ್ತೆ ಕೌಂಟರಿಗೆ ಹೋಗಿ ಕೂತ ಮೇಲೆಯೇ ಪೆನ್ನು ಓಡಿತು. ಯಾಕೆ ಹಾಗಾಯಿತು ಅನ್ನುವುದನ್ನೇ ಇವತ್ತು ಹೇಳಬೇಕು ಅಂತ ಬಂದಿದ್ದೇನೆ.

ನಾನು ಬ್ಯಾಂಕಿಗೆ ಸೇರಿದ್ದು 1991ರಲ್ಲಿ. ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ. ಅಡಿಕೆ ಸುಲಿಯುವವರ ಮಾತು ಗೊತ್ತಿತ್ತು, ಗದ್ದೆ ಕೆಲಸದ ಮಾತು ಗೊತ್ತಿತ್ತು. ಎರಡನೇ ವರ್ಗಾವಣೆ ಶಿಡ್ಲಘಟ್ಟಕ್ಕೆ ಆಯಿತು. ಅದು ರೇಷ್ಮೆಯ ಊರು. ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟ, ಊರೊಳಗೆ ಗೂಡಿನ ಮಾರುಕಟ್ಟೆ, ಬೀದಿ ಬೀದಿಯಲ್ಲಿ ನೂಲು ಬಿಚ್ಚುವ ಮನೆಗಳು. ಗೂಡು ಬೇಯಿಸುವ ವಾಸನೆ ನಮ್ಮ ಶಾಖೆಯ ಒಳಗೂ ಬರುತ್ತಿತ್ತು.

ಅಲ್ಲಿಗೆ ಹೋದ ಮೊದಲ ತಿಂಗಳು. ಸಾಲದ ಕಂತು ಕಟ್ಟಬೇಕಿದ್ದ ಒಬ್ಬ ಹೆಂಗಸು ಬಂದು, ಈ ವಾರ ಆಗಲ್ಲ ಅಂದರು. ಯಾಕೆ ಅಂದೆ.

"ನಾಕನೇ ಜ್ವರಕ್ಕೆ ಕೂತವೆ ಮೇಡಂ. ಎದ್ದು, ಹಣ್ಣಾಗಿ, ಗೂಡು ಕಟ್ಟಿದ ಮೇಲೆ ಬತ್ತೀನಿ."

ಮನೆಯಲ್ಲಿ ಮಕ್ಕಳಿಗೆ ಹುಷಾರಿಲ್ಲ ಅಂದುಕೊಂಡೆ. ಡಾಕ್ಟರಿಗೆ ತೋರಿಸಿದ್ರಾ ಅಂತ ಕೇಳಿದೆ. ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ, ಹಿಂದೆ ಅಷ್ಟು ಜನ ಕಾಯುತ್ತಿದ್ದರೂ, ನಿಧಾನವಾಗಿ ಬಿಡಿಸಿ ಹೇಳಿದರು. ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಚರ್ಮ ಕಳಚುತ್ತದೆ. ಅದಕ್ಕೆ ಜ್ವರ ಅಂತಾರೆ. ಜ್ವರಕ್ಕೆ ಕೂತ ಹುಳ ತಿನ್ನುವುದಿಲ್ಲ, ಓಡಾಡುವುದಿಲ್ಲ, ತಲೆ ಎತ್ತಿಕೊಂಡು ಸುಮ್ಮನೆ ಇರುತ್ತದೆ. ಆಗ ಸೊಪ್ಪು ಹಾಕಬಾರದು, ಕೈ ಹಾಕಬಾರದು. ನಾಲ್ಕನೇ ಜ್ವರದಿಂದ ಎದ್ದರೆ ಮಾತ್ರ ಹಸಿವೋ ಹಸಿವು. ಒಂದು ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆಮೇಲಿನ ಒಂದು ವಾರದಲ್ಲೇ ಖರ್ಚಾಗುತ್ತದೆ. ಹಾಗೆ ತಿಂದು ತಿಂದು ಒಂದು ದಿನ ತಿನ್ನುವುದನ್ನು ಬಿಡುತ್ತವೆ, ಮೈಬಣ್ಣ ತಿರುಗುತ್ತದೆ, ಗೂಡಿಗೆ ಜಾಗ ಹುಡುಕುತ್ತವೆ. ಅದು ಹಣ್ಣಾಗುವುದು. ಹಣ್ಣು ಹುಳಗಳನ್ನು ಆರಿಸಿ, ಗೂಡು ಕಟ್ಟಲು ಅಂತ ಬಿದಿರಿನಲ್ಲಿ ಹೆಣೆದ ತಟ್ಟಿಗೆ ಬಿಡುತ್ತಾರೆ, ಅದೇ ಚಂದ್ರಿಕೆ.

ಜ್ವರ, ಹಣ್ಣು, ಚಂದ್ರಿಕೆ. ನಾನು ಹುಟ್ಟಿದಾಗಿನಿಂದ ಬಲ್ಲ ಪದಗಳೇ. ಅವಕ್ಕೆ ಇಂಥ ಇನ್ನೊಂದು ಬಾಳು ಇದೆ ಅಂತ ಗೊತ್ತಿರಲಿಲ್ಲ. ಅವತ್ತು ಸಂಜೆ, ಹಾಳಾದ ಒಂದು ಚಲನ್ ಹಿಂದೆ ಆ ವಾಕ್ಯವನ್ನು ಬರೆದಿಟ್ಟೆ. ಏನಕ್ಕೆ ಅಂತ ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಎರಡು ವರ್ಷ ಅದು ಡ್ರಾಯರಿನಲ್ಲೇ ಇತ್ತು. ಆಮೇಲೆ ನನ್ನ ಅಕ್ಕನ ಮಗಳು ದ್ವಿತೀಯ ಪಿಯುಸಿಯಲ್ಲಿ ಫೇಲಾದಳು. ಮೂರು ದಿನ ರೂಮಿನ ಬಾಗಿಲು ಹಾಕಿಕೊಂಡು ಕೂತಳು. ಊಟ ಬೇಡ, ಮಾತು ಬೇಡ. ಮನೆಗೆ ಬಂದವರೆಲ್ಲ ಬಾಗಿಲು ತಟ್ಟಿ ಬುದ್ಧಿ ಹೇಳುವವರೇ. ನಾನೂ ತಟ್ಟಲು ಕೈ ಎತ್ತಿದ್ದೆ. ಆಗ ಆ ಹೆಂಗಸಿನ ಮಾತು ಕಿವಿಯಲ್ಲಿ ಕೇಳಿಸಿತು. ಕೂತವೆ ಮೇಡಂ. ಎದ್ದ ಮೇಲೆ ಬತ್ತೀನಿ. ಕೈ ಇಳಿಸಿದೆ. ಅವಳು ತಾನಾಗಿ ಬಾಗಿಲು ತೆಗೆದು ಬಂದು ಹಸಿವಾಗಿದೆ ಅಂದ ರಾತ್ರಿ, ಕತೆಯ ಮೊದಲ ಪುಟ ಬರೆದೆ. ಆ ಕತೆಯಲ್ಲಿ ಬ್ಯಾಂಕೂ ಇಲ್ಲ, ಸಾಲವೂ ಇಲ್ಲ. ಒಬ್ಬ ಅಜ್ಜಿ ಮುಚ್ಚಿದ ಬಾಗಿಲಿನ ಹೊರಗೆ ಕೂತು ಹೂ ಕಟ್ಟುತ್ತಾಳೆ. ಬಂದವರಿಗೆಲ್ಲ "ಈಗ ಕೈ ಹಾಕಬೇಡಿ" ಅನ್ನುತ್ತಾಳೆ. ಅಷ್ಟೇ ಕತೆ.

ಇದನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣವಿದೆ. ಆ ಹೆಂಗಸು ಉಪಮೆ ಕೊಡಲು ಬಂದಿರಲಿಲ್ಲ, ಕಂತಿಗೆ ವಾಯಿದೆ ಕೇಳಲು ಬಂದಿದ್ದರು. ಕೆಲಸದ ಮಾತಿನ ಗುಣವೇ ಇದು. ಆಡುವವರು ಚೆನ್ನಾಗಿ ಆಡಬೇಕು ಅಂತ ಆಡಿರುವುದಿಲ್ಲ. ಕೆಲಸ ಆಗಬೇಕು, ಅದಕ್ಕೆ ಮಾತು. ಅಂಥ ಮಾತಿನಲ್ಲಿ ಒಂದು ಪದವೂ ದಂಡಕ್ಕೆ ಇರುವುದಿಲ್ಲ. ನಮ್ಮ ಭಾಷೆಗೆ ಇದು ಹೊಸದೇನೂ ಅಲ್ಲ. 12ನೇ ಶತಮಾನದ ವಚನಕಾರರ ಹೆಸರುಗಳನ್ನೇ ನೋಡಿ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ. ಕೆಲಸವೇ ಹೆಸರಾಗಿ ಕೂತಿದೆ. ಕದಿರ ರೆಮ್ಮವ್ವೆ ನೂಲುವ ಕೆಲಸದವಳು. ತನ್ನ ರಾಟೆಯ ಒಂದೊಂದು ಭಾಗವನ್ನೂ ಹೆಸರು ಹಿಡಿದು ಕರೆದು, ಅಡಿಯ ಹಲಗೆ ಬ್ರಹ್ಮ, ತೋರಣ ವಿಷ್ಣು ಅಂತ ಹೇಳುತ್ತಾ ಹೋಗುತ್ತಾಳೆ. ರಾಟೆಯ ಮುಂದೆ ದಿನವಿಡೀ ಕೂತವಳಿಗೆ ಮಾತ್ರ ಬರುವ ಮಾತು ಅದು. ನನಗೆ ಅವಳ ವಚನ ಓದಿದಾಗಲೆಲ್ಲ ಪಕ್ಕದ ರಾಟೆಯ ಹೆಂಗಸರು ಏನು ಮಾತಾಡಿಕೊಳ್ಳುತ್ತಿದ್ದರು ಅಂತ ತಿಳಿಯಬೇಕು ಅನಿಸುತ್ತದೆ.

ಸರಿ, ಮಾತು ಯಾವಾಗ ಬರುತ್ತದೆ? ಇದನ್ನು ನಾನು ವರ್ಷಗಟ್ಟಲೆ ಗಮನಿಸಿದ್ದೇನೆ. ಎದುರು ಕೂರಿಸಿಕೊಂಡು "ಹೇಳಿ" ಅಂದರೆ ಬರುವುದಿಲ್ಲ. ಕೈಗೆ ಕೆಲಸ ಇದ್ದು ಬಾಯಿ ಖಾಲಿ ಇದ್ದಾಗ ಬರುತ್ತದೆ. ನಮ್ಮ ಶಾಖೆಯಲ್ಲಿ ಪಾಸ್‌ಬುಕ್ಕಿಗೆ ಒಂದು ಪ್ರಿಂಟರ್ ಇತ್ತು. ಕಿರ್ ಕಿರ್ ಅಂತ ಒಂದೊಂದೇ ಸಾಲು ಹಾಕುತ್ತಿತ್ತು. ಒಬ್ಬರ ಪಾಸ್‌ಬುಕ್ ಮುಗಿಯಲು ಒಂದು ನಿಮಿಷ ಬೇಕು. ಆ ಒಂದು ನಿಮಿಷ ಅವರೂ ಯಂತ್ರ ನೋಡುತ್ತಾರೆ, ನಾನೂ ಯಂತ್ರ ನೋಡುತ್ತೇನೆ. ಕಣ್ಣು ಕಣ್ಣು ಸೇರುವುದಿಲ್ಲ. ಆಗ ಮಾತು ಬರುತ್ತದೆ. ಮಗಳ ಸಂಬಂಧ, ಬೋರ್‌ವೆಲ್ ನೀರು, ತಮ್ಮ ಬೇರೆ ಆಗಿದ್ದು. ಆಮೇಲೆ ಬಾಗಿಲ ಬಳಿ ಪಾಸ್‌ಬುಕ್ ಪ್ರಿಂಟಿಂಗ್ ಮೆಷಿನ್ ಬಂತು. ಅನುಕೂಲ ಆಯಿತು, ಇಲ್ಲ ಅನ್ನುವುದಿಲ್ಲ. ಆ ಒಂದು ನಿಮಿಷ ಮಾತ್ರ ಹೋಯಿತು. ಆದರೆ ಸರ್ವರ್ ಡೌನ್ ಆದ ದಿನ ಇಡೀ ಶಾಖೆ ಹಳೇ ಕಾಲಕ್ಕೆ ಹೋಗಿಬಿಡುತ್ತಿತ್ತು. ಎಲ್ಲರೂ ಕಾಯುವವರೇ. ಅರ್ಧ ಗಂಟೆಯಲ್ಲಿ ಬೆಂಚಿನ ಮೇಲೆ ಮೂರು ಊರಿನ ಸುದ್ದಿ.

ನಿಮ್ಮ ನಿಮ್ಮ ಕೆಲಸದಲ್ಲೂ ಇಂಥ ಒಂದು ನಿಮಿಷ ಎಲ್ಲೋ ಇರುತ್ತದೆ. ಲಿಫ್ಟ್ ಬರುವವರೆಗೆ, ಜೆರಾಕ್ಸ್ ಆಗುವವರೆಗೆ, ಟೀ ಸೋಸುವವರೆಗೆ. ಆಗ ಮೊಬೈಲ್ ತೆಗೆಯಬೇಡಿ. ನನ್ನ ಬೇಡಿಕೆ ಅಷ್ಟೇ.

ಇನ್ನು ಪಿಗ್ಮಿಯ ಬಗ್ಗೆ ಹೇಳಬೇಕು. ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕಿತ್ತು, ಬ್ಯಾಂಕಿನವರೇ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಮಗ್ಗದವರು, ಮೀನು ಮಾರುವವರು, ಬೀದಿ ವ್ಯಾಪಾರಿಗಳು ಉಳಿತಾಯ ಕಲಿತದ್ದು ಹಾಗೆ. 2020ರ ಏಪ್ರಿಲ್ 1ಕ್ಕೆ ಆ ಬ್ಯಾಂಕು ಕೆನರಾ ಬ್ಯಾಂಕಿನ ಜೊತೆ ಸೇರಿತು. ಪಿಗ್ಮಿ ಅನ್ನುವ ಪದ ಮಾತ್ರ ಎಲ್ಲ ಬ್ಯಾಂಕಿಗೂ, ಸೊಸೈಟಿಗೂ ಹರಡಿ ಕನ್ನಡದ್ದೇ ಪದ ಆಗಿಬಿಟ್ಟಿದೆ.

ನಾನು ಕೆಲಸ ಮಾಡಿದ ಒಂದು ಶಾಖೆಗೆ ಸಂಜೆ ನಾಲ್ಕೂವರೆಗೆ ಪಿಗ್ಮಿಯವರು ಬರುತ್ತಿದ್ದರು. ಹೆಗಲಿಗೆ ರೆಕ್ಸಿನ್ ಬ್ಯಾಗು, ಕಾಲಿಗೆ ಸವೆದ ಚಪ್ಪಲಿ. ದಿನಕ್ಕೆ ನೂರು ಅಂಗಡಿ ಮೇಲೆ ಹತ್ತಿ ಇಳಿಯುವ ಮನುಷ್ಯ. ಒಂದು ದಿನ ಚಿಲ್ಲರೆ ಎಣಿಸಿ ಜೋಡಿಸುತ್ತಾ ಅವರು ತಮಗೆ ತಾವೇ ಅನ್ನುವ ಹಾಗೆ ಹೇಳಿದರು:

"ಹೂವಿನವರು ಇವತ್ತು ಕೊಟ್ಟಿಲ್ಲ. ಅಂದ್ರೆ ನಾಳೆ ಕೊಡ್ತಾರೆ. ಟೀ ಅಂಗಡಿಯವನು ಕೊಟ್ಟಿಲ್ಲ. ಅಂದ್ರೆ ಏನೋ ಆಗಿದೆ."

ಇದನ್ನು ಕೇಳಿ ನನ್ನ ಕೈ ನಿಂತುಹೋಯಿತು. ಒಂದು ಬೀದಿಯ ಸುಖ ದುಃಖವನ್ನೆಲ್ಲ ಇಪ್ಪತ್ತು ರೂಪಾಯಿಯ ಲೆಕ್ಕದಲ್ಲಿ ಓದಬಲ್ಲ ಮನುಷ್ಯ ನನ್ನ ಎದುರಿಗೆ ದಿನಾ ಕೂರುತ್ತಿದ್ದರು. ನಾನು ಅವರ ಮೊತ್ತ ಮಾತ್ರ ನೋಡಿ ಸೀಲು ಹಾಕುತ್ತಿದ್ದೆ. ಅವತ್ತಿನಿಂದ ದಿನಕ್ಕೆ ಒಂದು ಮಾತು ಬರೆದಿಡುವ ಅಭ್ಯಾಸ ಮಾಡಿಕೊಂಡೆ. ಒಂದೇ. ಎರಡಾಣೆಯ ಲೆಕ್ಕ. ಎಷ್ಟೋ ದಿನ ಅದು ಏನೂ ಅಲ್ಲದ ಮಾತು. "ಸಾಂಬಾರಿಗೆ ಉಪ್ಪು ಹಾಕಿದ್ನೋ ಇಲ್ವೋ ಅನ್ನೋದೇ ತಲೇಲಿ ಕೂತಿದೆ" ಅಂತ ನಮ್ಮ ಹೆಡ್ ಕ್ಯಾಷಿಯರ್ ಹೇಳಿದ್ದು ಕೂಡ ನನ್ನ ಚೀಟಿಗಳಲ್ಲಿ ಇದೆ. ಇರಲಿ. ಪಿಗ್ಮಿ ಕಟ್ಟುವವರು ಇವತ್ತಿನ ಇಪ್ಪತ್ತು ರೂಪಾಯಿಯಿಂದ ಏನಾಗುತ್ತದೆ ಅಂತ ಯೋಚಿಸುವುದಿಲ್ಲ, ಅಲ್ವಾ?

ಬರೆದಿಡುವಾಗ ಒಂದು ತಪ್ಪು ಆಗುತ್ತದೆ. ಅದನ್ನು ಹಿಡಿಯಲು ನನಗೆ ಕಲಿಸಿದ್ದು ಕ್ಯಾಶ್ ಟ್ಯಾಲಿ. ಕಂಪ್ಯೂಟರ್ ಬರುವ ಮೊದಲು ದಿನದ ಕೊನೆಗೆ ಲೆಕ್ಕ ಕೂಡದಿದ್ದರೆ ಎಲ್ಲರೂ ಕೂತು ಹುಡುಕಬೇಕು. ಆಗ ಹಿರಿಯರೊಬ್ಬರು ಮೊದಲು ಹೇಳುತ್ತಿದ್ದ ಮಾತು: "ವ್ಯತ್ಯಾಸ ಒಂಬತ್ತರಿಂದ ಹೋಗುತ್ತಾ ನೋಡಮ್ಮ." 540ನ್ನು 450 ಅಂತ ಬರೆದರೆ ವ್ಯತ್ಯಾಸ 90. 63ನ್ನು 36 ಅಂತ ಬರೆದರೆ 27. ಅಕ್ಕಪಕ್ಕದ ಅಂಕಿ ಅದಲು ಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗ ಹೋಗುತ್ತದೆ. ಅಂಕಿಗಳೆಲ್ಲ ಸರಿಯಾಗೇ ಇವೆ, ಜಾಗ ಮಾತ್ರ ತಪ್ಪಿದೆ.

ನನ್ನ ಚೀಟಿಗಳಲ್ಲೂ ಇದೇ ತಪ್ಪು. ಒಬ್ಬ ಅಜ್ಜ ವಾರಕ್ಕೊಮ್ಮೆ ಬಂದು ಕೇಳುತ್ತಿದ್ದರು. ಅವರು ಕೇಳಿದ್ದನ್ನು ನಾನು ಮನೆಗೆ ಹೋಗಿ "ಮಗನ ದುಡ್ಡು ಬಂದಿದೆಯಾ ನೋಡಿ" ಅಂತ ಬರೆದಿಟ್ಟಿದ್ದೆ. ಓದಿದರೆ ಜೀವವೇ ಇಲ್ಲ. ಮುಂದಿನ ವಾರ ಅವರು ಬಂದಾಗ ಕಿವಿಗೊಟ್ಟು ಕೇಳಿದೆ. ಅವರು ಅಂದದ್ದು, "ದುಡ್ಡು ಬಂತಾ ನೋಡಿ ಮೇಡಂ..." ಅಲ್ಲಿ ಸ್ವಲ್ಪ ನಿಂತು, ತಗ್ಗಿದ ದನಿಯಲ್ಲಿ, "...ಮಗಂದು." ದುಡ್ಡು ಮೊದಲು, ಮಗ ಆಮೇಲೆ. ಗಟ್ಟಿಯಾಗಿ ಕೇಳಬಹುದಾದದ್ದು ಮೊದಲು ಬಂತು. ಕೇಳಬೇಕಾಗಿದ್ದದ್ದು ಕೊನೆಗೆ ಬಂತು. ಆ ದುಡ್ಡು ಬಂದರೆ ಮಗ ಎಲ್ಲೋ ಇದ್ದಾನೆ, ಚೆನ್ನಾಗಿದ್ದಾನೆ ಅಂತ. ನಾನು ವ್ಯಾಕರಣ ಸರಿ ಮಾಡಲು ಹೋಗಿ ಮಗನನ್ನು ಮುಂದೆ ತಂದು ನಿಲ್ಲಿಸಿದ್ದೆ. ಅಜ್ಜನ ಸಂಕೋಚವೇ ಹೊರಟುಹೋಗಿತ್ತು.

ಕನ್ನಡದಲ್ಲಿ ಪದಗಳು ಹೀಗೆ ಓಡಾಡಬಲ್ಲವು. ಬರೆಯುವಾಗ ಕ್ರಿಯಾಪದವನ್ನು ಕೊನೆಗೆ ಕೂರಿಸುತ್ತೇವೆ. ಆಡುವಾಗ ಮನಸ್ಸು ಎಲ್ಲಿ ಭಾರವಾಗಿದೆಯೋ ಅದಕ್ಕೆ ತಕ್ಕ ಹಾಗೆ ಪದ ಹಿಂದೆ ಮುಂದೆ ಆಗುತ್ತದೆ. ಅದಕ್ಕೇ ಅವತ್ತಿನ ಮಾತನ್ನು ಅವತ್ತೇ ಬರೆಯಿರಿ ಅನ್ನುವುದು. ಒಂದು ರಾತ್ರಿ ಕಳೆದರೆ ನಮ್ಮೊಳಗಿನ ಮೇಷ್ಟ್ರು ಅದನ್ನು ತಿದ್ದಿಬಿಡುತ್ತಾರೆ.

2016ರ ನವೆಂಬರ್ ನಿಮಗೆಲ್ಲ ನೆನಪಿರುತ್ತದೆ. ಎಂಟನೇ ತಾರೀಖು ರಾತ್ರಿ 500, 1000ದ ನೋಟು ನಿಂತವು. ಆಮೇಲಿನ ವಾರಗಳಲ್ಲಿ ನಾವು ಬ್ಯಾಂಕಿನವರು ಯಾವಾಗ ಉಂಡೆವು, ಯಾವಾಗ ಮಲಗಿದೆವು ಅಂತ ನೆನಪಿಲ್ಲ. ಅದರ ಬಗ್ಗೆ ಇಲ್ಲಿ ವಾದ ಮಾಡಲು ಬಂದಿಲ್ಲ. ಒಂದೇ ಒಂದು ಮಾತು ಹೇಳುತ್ತೇನೆ. ಸಾಲಿನಲ್ಲಿ ಹೆಂಗಸರು ತುಂಬಾ ಇದ್ದರು. ಎಷ್ಟೋ ಜನ ಜೀವನದಲ್ಲಿ ಮೊದಲ ಸಲ ಕೌಂಟರಿನ ಮುಂದೆ ನಿಂತಿದ್ದರು. ಅಡಿಗೆ ಮನೆಯ ಡಬ್ಬಿಯಲ್ಲಿ, ಸೀರೆಯ ಮಡಿಕೆಯಲ್ಲಿ ಕೂಡಿಟ್ಟ ನೋಟುಗಳು. ಮಸಾಲೆಯ ವಾಸನೆ ಬರುತ್ತಿದ್ದ ನೋಟುಗಳನ್ನು ನಾನು ಎಣಿಸಿದ್ದೇನೆ. ನನಗೆ ಬಾಯಲ್ಲಿ ಹೇಳಿಕೊಂಡು ಎಣಿಸುವ ಅಭ್ಯಾಸ. ಒಬ್ಬರು ಕಿಂಡಿಗೆ ಮುಖ ತಂದು ಮೆಲ್ಲಗೆ ಅಂದರು:

"ಜೋರಾಗಿ ಎಣಿಸಬೇಡಿ ಮೇಡಂ."

ಗಂಡ ಪಕ್ಕದ ಸಾಲಿನಲ್ಲಿ ನಿಂತಿದ್ದ.

ಅವತ್ತಿನಿಂದ ನಾನು ಯಾರ ದುಡ್ಡನ್ನೂ ಬಾಯಲ್ಲಿ ಎಣಿಸಿಲ್ಲ. ಆ ಮಾತನ್ನು ಬರೆದಿಟ್ಟ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಕತೆ ಮಾಡಲು ನಾಲ್ಕು ಸಲ ಕೂತಿದ್ದೇನೆ. ಪ್ರತಿ ಸಲವೂ ಆ ಮೂರು ಪದದ ಪಕ್ಕದಲ್ಲಿ ನನ್ನ ಹತ್ತು ಪುಟ ಸದ್ದು ಜಾಸ್ತಿ ಮಾಡುತ್ತದೆ.

ಈಗ ಸ್ವಲ್ಪ ಕಷ್ಟದ ವಿಷಯಕ್ಕೆ ಬರುತ್ತೇನೆ. ಬ್ಯಾಂಕಿಗೆ ಸೇರುವಾಗ ನಾವೆಲ್ಲ ನಿಷ್ಠೆ ಮತ್ತು ಗೌಪ್ಯತೆಯ ಘೋಷಣೆಗೆ ಸಹಿ ಹಾಕುತ್ತೇವೆ. ಗ್ರಾಹಕರ ವ್ಯವಹಾರ ಹೊರಗೆ ಆಡಬಾರದು. ಬರೆಯುವವಳಾಗಿ ನನಗೆ ಅದು ಅಡ್ಡಿ ಅಂತ ಮೊದಮೊದಲು ಅನಿಸುತ್ತಿತ್ತು. ಈಗ ಅದೇ ನನ್ನನ್ನು ಕಾಪಾಡಿತು ಅನಿಸುತ್ತದೆ. ನನ್ನ ಚೀಟಿಗಳಲ್ಲಿ ಹೆಸರಿಲ್ಲ, ಊರಿಲ್ಲ, ಖಾತೆ ನಂಬರಿಲ್ಲ, ಮೊತ್ತವಿಲ್ಲ. ಮಾತು ಮಾತ್ರ. ಆಡಿದವರು ಯಾರು ಅಂತ ಈಗ ನನಗೇ ಎಷ್ಟೋ ಕಡೆ ಮರೆತಿದೆ. ಅದು ಒಳ್ಳೆಯದೇ. ಆ ಮಾತಿಗೆ ಹೊಸ ಬಾಯಿ, ಹೊಸ ಮನೆ, ಹೊಸ ಊರು ಹುಡುಕುವುದೇ ಬರೆಯುವ ಕೆಲಸ ಆಗುತ್ತದೆ. ನಿಮ್ಮ ಆಫೀಸಿನಲ್ಲಿ ಇಂಥ ಸಹಿ ಇರಲಿ ಬಿಡಲಿ, ಮನಸ್ಸಿನಲ್ಲೇ ಒಂದು ಹಾಕಿಕೊಳ್ಳಿ. ಪಕ್ಕದ ಮೇಜಿನವರು ನಿಮ್ಮ ಕತೆ ಓದಿ, ಇದು ನನ್ನ ಮನೆಯದು ಅಂತ ಬೆಚ್ಚಿದರೆ ನಾಳೆಯಿಂದ ನಿಮ್ಮ ಎದುರು ಯಾರೂ ಬಾಯಿ ಬಿಡುವುದಿಲ್ಲ. ಬಿಡಬಾರದು ಕೂಡ.

ಒಂದು ತಪ್ಪು ನಾನೂ ಮಾಡಿದ್ದೇನೆ. ರೈತರೊಬ್ಬರು ಚಿನ್ನದ ಸಾಲ ತೀರಿಸಿ ಒಡವೆ ಬಿಡಿಸಿಕೊಳ್ಳಲು ಬಂದಿದ್ದರು. ಬಳೆಗಳನ್ನು ಕೈಯಲ್ಲಿ ಹಿಡಿದು, "ಇನ್ನು ಯಾರಿಗೆ ಹಾಕೋದು" ಅಂದರು. ನನಗೆ ಕತೆಯ ವಾಸನೆ ಬಡಿಯಿತು. ಯಾಕೆ, ಏನಾಯ್ತು, ಯಾವಾಗ ಅಂತ ಒಂದರ ಮೇಲೆ ಒಂದು ಕೇಳಿದೆ. ಅವರು ಬಳೆಗಳನ್ನು ಟವೆಲ್ಲಿಗೆ ಸುತ್ತಿಕೊಂಡರು. "ಎಲ್ಲಿ ಸೈನ್ ಮಾಡಬೇಕು ಹೇಳಿ" ಅಂದರು. ನನ್ನ ದನಿಯಲ್ಲಿ ಕನಿಕರಕ್ಕಿಂತ ಆಸೆ ಜಾಸ್ತಿ ಇತ್ತು. ಅವರಿಗೆ ಅದು ಗೊತ್ತಾಯಿತು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ. ಅವತ್ತು ಸುಮ್ಮನೆ "ಕೂತ್ಕೊಳ್ಳಿ, ನೀರು ಕುಡೀರಿ" ಅಂದಿದ್ದರೆ ಸಾಕಿತ್ತು.

ಇನ್ನೊಂದು ಮಾತು ಇದೆ. ಗಂಡ ತೀರಿಕೊಂಡ ಮೇಲೆ ಜಂಟಿ ಖಾತೆಯಿಂದ ಅವರ ಹೆಸರು ತೆಗೆಸಲು ಬಂದ ಒಬ್ಬರು ಅರ್ಜಿಯನ್ನು ನನ್ನ ಕೈಗೆ ಕೊಡುತ್ತಾ ಆಡಿದ್ದು. ಅದನ್ನು ನಾನು ಚೀಟಿಯಲ್ಲೂ ಬರೆಯಲಿಲ್ಲ. ಅದು ಅವರದ್ದು. ನನಗೆ ಕೇಳಿಸಿತು, ಅಷ್ಟೇ.

ನನ್ನ ಮಾತು ಇಲ್ಲಿಗೆ ಮುಗಿದಿತ್ತು. ಆಮೇಲೆ ಪ್ರಶ್ನೆ ಕೇಳಲು ಹೇಳಿದರು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ವಾರದಲ್ಲಿ ಮೂರು ದಿನ ಮನೆಯಿಂದಲೇ.

"ನಿಮಗೆ ಕೌಂಟರ್ ಇತ್ತು ಮೇಡಂ. ನಮ್ಮಲ್ಲಿ ಎಲ್ಲರೂ ಮ್ಯೂಟ್ ಮಾಡ್ಕೊಂಡಿರ್ತಾರೆ. ಕ್ಯಾಮೆರಾನೂ ಆಫ್. ಎಲ್ಲಿಂದ ತರೋದು ಮಾತು?"

ನಿಜವಾದ ಕಷ್ಟ. ಹಗುರಾಗಿ ಉತ್ತರ ಕೊಡಲು ಮನಸ್ಸಾಗಲಿಲ್ಲ. ಮೀಟಿಂಗ್ ಶುರುವಾಗುವ ಮೊದಲು, ಎಲ್ಲರೂ ಬರುವವರೆಗೆ ಏನು ಮಾಡುತ್ತೀರಿ ಅಂತ ಕೇಳಿದೆ. ಏನಿಲ್ಲ, ಕಾಯ್ತೀವಿ ಅಂದಳು. ಆ ಹೊತ್ತಿನಲ್ಲಿ ಏನಾದರೂ ಕೇಳಿಸುತ್ತದಾ? ಅವಳು ಸ್ವಲ್ಪ ಯೋಚಿಸಿದಳು. ಕುಕ್ಕರ್ ಕೂಗೋದು ಕೇಳುತ್ತೆ ಅಂದಳು. ಯಾರದೋ ಮನೆ ಗೇಟಿನಲ್ಲಿ ತರಕಾರಿಯವನು ಕೂಗೋದು ಕೇಳುತ್ತೆ. ಆಮೇಲೆ ಸುಮ್ಮನಾದಳು. ಕೂರುತ್ತಾಳೆ ಅಂದುಕೊಂಡೆ. ಕೂರಲಿಲ್ಲ.

"ನಮ್ಮ ಟೀಮಲ್ಲಿ ದಿನಾ ಬೆಳಗ್ಗೆ ಒಬ್ಬೊಬ್ಬರೇ ಹೇಳ್ಬೇಕು, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀನಿ, ಬ್ಲಾಕರ್ ಏನಾದ್ರೂ ಇದೆಯಾ ಅಂತ. ಬ್ಲಾಕರ್ ಅಂದ್ರೆ ಕೆಲಸಕ್ಕೆ ಅಡ್ಡಿ. ಒಬ್ಬ ಹುಡುಗ ಇದಾನೆ, ತುಂಬಾ ಸೈಲೆಂಟ್. ಹೋದ ವಾರ ಅವನು 'ನಂದು ಏನೂ ಬ್ಲಾಕರ್ ಇಲ್ಲ' ಅಂದ. ಹಿಂದಿನಿಂದ ಅವರಮ್ಮ ಅಂದ್ರು, 'ಊಟ ಮಾಡಿಲ್ಲ ಅಂತ ಹೇಳೋ, ಎರಡು ದಿನದಿಂದ.' ಅವನು ತಕ್ಷಣ ಮ್ಯೂಟ್ ಮಾಡ್ದ. ಯಾರೂ ಏನೂ ಮಾತಾಡ್ಲಿಲ್ಲ. ನೆಕ್ಸ್ಟ್ ಅಂದ್ರು."

ಸಭೆಯಲ್ಲಿ ಯಾರೂ ಅಲ್ಲಾಡಲಿಲ್ಲ. ಅದನ್ನು ಬರೆದಿಟ್ಟಿದ್ದೀಯಾ ಅಂತ ಕೇಳಿದೆ. ಇಲ್ಲ ಅಂದಳು. ಅವನಿಗೆ ಫೋನ್ ಮಾಡಿದೆಯಾ ಅಂತ ಕೇಳಿದೆ. ಅದಕ್ಕೂ ಇಲ್ಲ ಅಂದಳು.

ಮೊದಲು ಫೋನ್ ಮಾಡು ಅಂದೆ. ಅವಳು ಬ್ಯಾಗು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು, ಮೊಬೈಲ್ ಹಿಡಿದುಕೊಂಡು ಹೊರಗೆ ಹೋದಳು.